ಹಸಿ ಕೊಬ್ಬರಿಯ ತೂಕ

ಮೊದಲು ಸುಳಿವು ಕೊಟ್ಟಿದ್ದು ಉಡುದಾರ. ಅಪ್ಪ ಸ್ನಾನ ಮಾಡಿ ಬರುವಾಗ ಅಮ್ಮನ ಕಣ್ಣಿಗೆ ಬಿತ್ತು. ಸೊಂಟದ ಮೇಲೆ ಕೂರಬೇಕಾದ್ದು ಜಾರಿ ಕೆಳಗಿಳಿದಿತ್ತು. ಗಂಟು ಸಡಿಲ ಆಗಿರಬೇಕು ಅಂತ ಅಮ್ಮ ಬಿಗಿಯಾಗಿ ಕಟ್ಟಿದರು. ಎರಡು ತಿಂಗಳಿಗೆ ಮತ್ತೆ ಜಾರಿತು. ಮತ್ತೆ ಕಟ್ಟಿದರು. ಮೂರನೇ ಸಲಕ್ಕೆ ನನಗೆ ಫೋನ್ ಮಾಡಿದರು. "ನಿಮ್ಮಪ್ಪ ಇಳೀತಾ ಇದಾರೆ ಕಣೆ" ಅಂದರು, ಅಷ್ಟೇ.

ಅಪ್ಪ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ನಲವತ್ತು ವರ್ಷ ಗುಮಾಸ್ತರಾಗಿದ್ದವರು. ರೈತರು ತಂದ ಚೀಲ ತೂಕಕ್ಕೆ ಹಾಕಿಸೋದು, ಪುಸ್ತಕದಲ್ಲಿ ಬರೆಯೋದು, ಚೀಟಿ ಕೊಡೋದು. ಅವರ ಸ್ವಂತ ತೂಕ ಎಲ್ಲಾದರೂ ಬರೆದಿದೆಯಾ ಅಂತ ಹುಡುಕಿದಾಗ ಸಿಕ್ಕಿದ್ದು ಆರು ತಿಂಗಳ ಹಿಂದೆ ಶುಗರ್ ಟೆಸ್ಟ್ ಮಾಡಿಸಿದ ಒಂದು ಚೀಟಿ. ಅದರಲ್ಲಿ 62 ಕೇಜಿ. ಈಗ ನೋಡಿದರೆ 54. ನೂರಕ್ಕೆ ಹದಿಮೂರರಷ್ಟು ಹೋಗಿತ್ತು. ಆರು ತಿಂಗಳಲ್ಲಿ ನೂರಕ್ಕೆ ಐದಕ್ಕಿಂತ ಜಾಸ್ತಿ ತೂಕ ತಾನಾಗೇ ಇಳಿದರೆ ಅದನ್ನು ಕ್ಯಾಕೆಕ್ಸಿಯಾ, ಅಂದರೆ ಕ್ಯಾನ್ಸರಿನಿಂದ ಮೈ ಕರಗೋ ಸ್ಥಿತಿ, ಅಂತ ಪರಿಗಣಿಸಬೇಕು ಎಂದು ಬೇರೆ ಬೇರೆ ದೇಶಗಳ ತಜ್ಞರು ಸೇರಿ 2011ರಲ್ಲೇ ಒಂದು ಗೆರೆ ಎಳೆದಿದ್ದಾರೆ. ಅದು ನನಗೆ ಆಮೇಲೆ ಗೊತ್ತಾಯಿತು. ಆಗ ಊರಿನ ಒಬ್ಬ ಡಾಕ್ಟರು ರಕ್ತ ಕಡಿಮೆ ಅಂತ ಐರನ್ ಮಾತ್ರೆ ಬರೆದು ಕೊಟ್ಟು ನಾಲ್ಕು ತಿಂಗಳಾಗಿತ್ತು. ರಕ್ತ ಯಾಕೆ ಕಡಿಮೆ ಅಂತ ಅವರು ಹುಡುಕಲಿಲ್ಲ, ನಾವೂ ಕೇಳಲಿಲ್ಲ.

ದೊಡ್ಡ ಕರುಳಿನ ಬಲಭಾಗದಲ್ಲಿ ಗೆಡ್ಡೆ ಇತ್ತು. ಅಲ್ಲಿ ಮಲ ಇನ್ನೂ ನೀರುನೀರಾಗಿರುತ್ತೆ. ಹಾಗಾಗಿ ಗೆಡ್ಡೆ ಬೆಳೆದರೂ ದಾರಿ ಕಟ್ಟೋದು ತಡ. ರಕ್ತ ಮಾತ್ರ ಕಣ್ಣಿಗೆ ಕಾಣದ ಹಾಗೆ ದಿನಾ ಚೂರುಚೂರೇ ಸೋರುತ್ತೆ.

ಅದು ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು. "ಅದು ಒಳಗೇ ತಿಂತಾ ಇರುತ್ತೆ. ಎಷ್ಟು ಹಾಕಿದ್ರೂ ಅದಕ್ಕೇ ಹೋಗೋದು." ನಾನೂ ನಂಬಿದೆ. ಈ ಮಾತಿನಲ್ಲಿ ಒಂದು ಥರದ ಸಮಾಧಾನ ಬೇರೆ ಇದೆ. ಎಷ್ಟು ಹಾಕಿದರೂ ಉಪಯೋಗ ಇಲ್ಲ ಅಂದಮೇಲೆ ಎಷ್ಟು ಹಾಕ್ತಾ ಇದೀವಿ ಅಂತ ನೋಡುವ ಕೆಲಸವೇ ಇಲ್ಲ, ಅಲ್ವಾ?

ನೋಡಿದವರು ಆಸ್ಪತ್ರೆಯ ಡಯಟಿಷಿಯನ್ ಮೇಡಂ. ಆಪರೇಷನ್‌ಗೆ ಮೂರು ವಾರ ಇತ್ತು. ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಬಾಯಿಗೆ ಹೋಗಿದ್ದೆಲ್ಲ ಹೇಳಿ ಅಂದರು. ಅಮ್ಮ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಬೆಳಿಗ್ಗೆ ಒಂದು ಲೋಟ ಅಕ್ಕಿ ಗಂಜಿ. ಹತ್ತು ಗಂಟೆಗೆ ಎಳನೀರು. ಮಧ್ಯಾಹ್ನ ಎರಡು ಹಿಡಿ ಅನ್ನ, ತಿಳಿಸಾರು. ಸಂಜೆ ಅರ್ಧ ಲೋಟ ಸಕ್ಕರೆ ಇಲ್ಲದ ಕಾಫಿ, ಎರಡು ಮಾರಿ ಬಿಸ್ಕತ್ತು. ರಾತ್ರಿ ಮತ್ತೆ ಗಂಜಿ, ಮಜ್ಜಿಗೆ. ತುಪ್ಪ ಇಲ್ಲ, ಜೀರ್ಣ ಆಗಲ್ಲ ಅಂತ. ಹಾಲು ಇಲ್ಲ, ಕಫ ಅಂತ. ಬೇಳೆ ಇಲ್ಲ, ವಾಯು ಅಂತ. ಬೆಲ್ಲ, ಸಕ್ಕರೆ ಇಲ್ಲ. ಅದನ್ನು ನಿಲ್ಲಿಸಿದ್ದು ನಾನು. ವಾಟ್ಸಾಪಿನಲ್ಲಿ ಬಂದಿತ್ತು.

ಮೇಡಂ ಪೆನ್ನು ಹಿಡಿದು ಲೆಕ್ಕ ಹಾಕಿದರು. ಒಂದು ಲೋಟ ಗಂಜಿಗೆ ಬೀಳೋದು ಒಂದು ಹಿಡಿ ಅಕ್ಕಿ, 30 ಗ್ರಾಂ ಅಂತಿಟ್ಟುಕೊಳ್ಳಿ. 100 ಕ್ಯಾಲರಿ, ಎರಡು ಗ್ರಾಂ ಪ್ರೋಟೀನು, ಉಳಿದಿದ್ದೆಲ್ಲ ನೀರು. ಎಳನೀರು 40, 50. ಹೀಗೇ ಕೂಡಿಸಿದರೆ ಇಡೀ ದಿನಕ್ಕೆ 600ರ ಹತ್ತಿರ ಬಂತು. ಪ್ರೋಟೀನು ಹನ್ನೆರಡು ಗ್ರಾಂ ದಾಟಲಿಲ್ಲ.

"ಈಗ ಇವರು ಏನೂ ಮಾಡದೆ ಸುಮ್ನೆ ಮಲಗಿದ್ರೂ ಎಷ್ಟು ಬೇಕು ನೋಡೋಣ" ಅಂತ ಇನ್ನೊಂದು ಲೆಕ್ಕ ಹಾಕಿದರು. ವಯಸ್ಸು 67, ಎತ್ತರ 165 ಸೆಂಟಿಮೀಟರ್, ತೂಕ 54. ಉತ್ತರ 1,180. ಹೃದಯ ಬಡಿಯೋಕೆ, ಉಸಿರಾಡೋಕೆ, ಮೈ ಬೆಚ್ಚಗಿಡೋಕೆ ಬೇಕಾಗುವ ಬರೀ ಇಷ್ಟರದ್ದೇ ಖರ್ಚು ಅದು. ಬರ್ತಾ ಇದ್ದದ್ದು ಅದರಲ್ಲಿ ಅರ್ಧ.

ಅಪ್ಪ ಅಲ್ಲಿಯವರೆಗೆ ಗೋಡೆ ನೋಡುತ್ತಾ ಕೂತಿದ್ದರು. ಲೆಕ್ಕ ಅಂದ ತಕ್ಷಣ ಕಾಗದದ ಕಡೆ ತಿರುಗಿದರು. "ಹಂಗಾದ್ರೆ ಕ್ಯಾನ್ಸರ್ ತಿಂದಿದ್ದೆಷ್ಟು ಇದ್ರಲ್ಲಿ?" ಅಂತ ಕೇಳಿದರು. ಆವತ್ತು ಅವರು ಮಾತಾಡಿದ್ದು ಅಷ್ಟೇ. ನಾನು ಆಮೇಲೆ ತಿಂಗಳುಗಟ್ಟಲೆ ಓದಿದ್ದೆಲ್ಲ ಈ ಒಂದು ಪ್ರಶ್ನೆಯ ಹಿಂದೆ ಬಿದ್ದು.

ಮೇಡಂ ಬಳಸಿದ ಸೂತ್ರಕ್ಕೆ ನೂರು ವರ್ಷ ದಾಟಿದೆ. ಹ್ಯಾರಿಸ್ ಮತ್ತು ಬೆನೆಡಿಕ್ಟ್ ಅನ್ನುವ ಇಬ್ಬರು ಅಮೆರಿಕದವರು 1919ರಲ್ಲಿ ಕೊಟ್ಟಿದ್ದು. 136 ಗಂಡಸರು, 103 ಹೆಂಗಸರನ್ನು ಅಳೆದು ಮಾಡಿದ ಸೂತ್ರ. ಆ 136ರಲ್ಲಿ ಗಂಜಿ ಕುಡಿದು ಬೆಳೆದ ತುಮಕೂರು ಜಿಲ್ಲೆಯವರು ಯಾರೂ ಇರಲಿಲ್ಲ ಅಂತ ಧೈರ್ಯವಾಗಿ ಹೇಳಬಹುದು! ಇದು ಬರೀ ತಮಾಷೆಯ ಮಾತಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು ನಮ್ಮವರನ್ನೇ ಮಲಗಿಸಿ ಅಳೆದು ನೋಡಿದಾಗ, ಹೊರಗಿನ ಸೂತ್ರಗಳು ಭಾರತೀಯರ ಖರ್ಚನ್ನು ಇರೋದಕ್ಕಿಂತ ಜಾಸ್ತಿ ತೋರಿಸುತ್ತವೆ ಅಂತ ಗೊತ್ತಾಯಿತು.

ಸೂತ್ರ ಬಿಟ್ಟು ನಿಜವಾಗಿ ಅಳೆಯೋ ದಾರಿಯೂ ಇದೆ. ಖಾಲಿ ಹೊಟ್ಟೆಯಲ್ಲಿ ಮಲಗಿಸಿ, ತಲೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಬುಟ್ಟಿ ಥರದ್ದು ಮುಚ್ಚುತ್ತಾರೆ. ಎಷ್ಟು ಆಮ್ಲಜನಕ ಒಳಗೆ ಹೋಯಿತು, ಎಷ್ಟು ಕಾರ್ಬನ್ ಡೈಆಕ್ಸೈಡ್ ಹೊರಗೆ ಬಂತು ಅಂತ ಯಂತ್ರ ನೋಡುತ್ತೆ. ಒಲೆಯ ಹೊಗೆ ನೋಡಿ ಎಷ್ಟು ಸೌದೆ ಉರೀತಿದೆ ಅಂತ ಹೇಳಿದ ಹಾಗೆ. ಅಪ್ಪನಿಗೆ ಆ ಯಂತ್ರ ಸಿಗಲಿಲ್ಲ.

ಆದರೆ ಬೇರೆ ಕಡೆ ದೊಡ್ಡ ಕರುಳಿನ ಕ್ಯಾನ್ಸರ್ ಇರುವವರನ್ನು ಹೀಗೆ ಅಳೆದಿದ್ದಾರೆ. ಅಪ್ಪನ ಪ್ರಶ್ನೆಗೆ ಉತ್ತರ ಸಿಗೋದು ಅಲ್ಲಿ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಶ್ವಾಸಕೋಶದ ಕ್ಯಾನ್ಸರ್ ಇರುವ ಎಷ್ಟೋ ಜನರಲ್ಲಿ ಮಲಗಿದಾಗಿನ ಖರ್ಚು ಏರಿರುತ್ತೆ. ಕರುಳಿನ ಕ್ಯಾನ್ಸರಿನಲ್ಲಿ ಬಹಳಷ್ಟು ಜನರಿಗೆ ಅದು ಆರೋಗ್ಯವಂತರ ಆಸುಪಾಸಿನಲ್ಲೇ ಇರುತ್ತೆ. ಕೆಲವರಲ್ಲಿ ಏರುತ್ತೆ, ಲಿವರಿಗೆ ಹರಡಿದ್ದರೆ ಇನ್ನೂ ಏರಬಹುದು. ಹಾಗೆ ಏರಿದವರೂ ಸುಸ್ತಾಗಿ ಓಡಾಟ ಕಡಿಮೆ ಮಾಡಿರುತ್ತಾರೆ. ಎರಡೂ ಸೇರಿಸಿದರೆ ದಿನದ ಒಟ್ಟು ಖರ್ಚು ಮೊದಲಿನಷ್ಟೇ, ಇಲ್ಲ ಇನ್ನೂ ಕಡಿಮೆ. ಅಂದರೆ ಅಪ್ಪನ 8 ಕೇಜಿಯಲ್ಲಿ ಜಾಸ್ತಿ ಪಾಲು ಕ್ಯಾನ್ಸರ್ ಸುಟ್ಟಿದ್ದಲ್ಲ. ಹಸಿವು ಸತ್ತಿದ್ದಕ್ಕೆ ಹೋಗಿದ್ದು. ಉಳಿದ ಹಸಿವಿನ ಮೇಲೆ ನಾವು ಪಥ್ಯ ಹೇರಿದ್ದಕ್ಕೆ ಹೋಗಿದ್ದು.

ಹಸಿವು ಸಾಯೋದು ಮಾತ್ರ ರೋಗದ್ದೇ ಕೆಲಸ. ಗೆಡ್ಡೆಯ ವಿರುದ್ಧ ದೇಹ ಒಂದು ಸಣ್ಣ ಉರಿಯೂತವನ್ನು ಹಗಲೂ ರಾತ್ರಿ ಉರಿಸುತ್ತಾ ಇರುತ್ತೆ. ಆಗ ಹೊರಬೀಳುವ ರಾಸಾಯನಿಕಗಳು ಮಿದುಳಿಗೆ ಹೋಗಿ ಊಟ ಬೇಡ ಅನ್ನಿಸುತ್ತವೆ. ಜ್ವರ ಬಂದಾಗ ಅನ್ನ ಸೇರಲ್ವಲ್ಲ, ಹಾಗೆ. ಅದೇ ಉರಿಯೂತ ಸ್ನಾಯುವನ್ನೂ ಕರಗಿಸುತ್ತೆ. ಉಪವಾಸಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲೇ. ಆರೋಗ್ಯವಂತರು ದಿನಗಟ್ಟಲೆ ಉಪವಾಸ ಇದ್ದರೆ ದೇಹ ಜಾಣತನದಿಂದ ಕೊಬ್ಬನ್ನು ಮುಂದೆ ಮಾಡಿ ಸ್ನಾಯುವನ್ನು ಕಾಪಾಡಿಕೊಳ್ಳುತ್ತೆ. ಕ್ಯಾನ್ಸರಿನಲ್ಲಿ ಆ ಜಾಣತನ ಮಂಕಾಗುತ್ತೆ. ಸ್ನಾಯು ಒಡೆದು ಬಂದದ್ದನ್ನು ಲಿವರ್ ಉರಿಯೂತಕ್ಕೆ ಬೇಕಾದ ಬೇರೆ ಪ್ರೋಟೀನು ಮಾಡೋಕೆ ಬಳಸುತ್ತೆ. ರಕ್ತ ಪರೀಕ್ಷೆಯಲ್ಲಿ ಸಿಆರ್‌ಪಿ ಅಂತ ಬರೆದಿರುತ್ತಲ್ಲ, ಅದು ಅಂಥದ್ದರಲ್ಲಿ ಒಂದು. ಇದನ್ನು ಹೇಳಿದಾಗ ಅಪ್ಪ ಮಂಡಿ ಭಾಷೆಯಲ್ಲೇ ಅರ್ಥ ಮಾಡಿಕೊಂಡರು. "ಬಂಡವಾಳ ತಿಂತಾ ಇದೆ ಅನ್ನು."

ಸಕ್ಕರೆ ವಿಷಯಕ್ಕೆ ಬರ್ತೀನಿ. ನನ್ನ ತಪ್ಪು ಇರೋದು ಅದರಲ್ಲಿ. ಕ್ಯಾನ್ಸರ್ ಕೋಶಗಳಿಗೆ ಸಕ್ಕರೆಯ ಆಸೆ ಜಾಸ್ತಿ ಅನ್ನೋದು ಸುಳ್ಳಲ್ಲ. ಜರ್ಮನಿಯ ಓಟ್ಟೋ ವಾರ್‌ಬರ್ಗ್ 1920ರ ದಶಕದಲ್ಲೇ ಅದನ್ನು ಕಂಡಿದ್ದ. ಆಮ್ಲಜನಕ ಧಾರಾಳವಾಗಿದ್ದರೂ ಗೆಡ್ಡೆಯ ಕೋಶಗಳು ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲ ಮಾಡಿ ಬಿಸಾಕುತ್ತವೆ. ಸಕ್ಕರೆಯಂಥ ವಸ್ತು ಚುಚ್ಚಿ ತೆಗೆಯೋ ಪೆಟ್ ಸ್ಕ್ಯಾನಿನಲ್ಲಿ ಗೆಡ್ಡೆ ಹೊಳೆಯೋದೂ ಈ ಸಕ್ಕರೆಯ ಆಸೆಯಿಂದಲೇ. ಬಿಸಾಕಿದ ಲ್ಯಾಕ್ಟಿಕ್ ಆಮ್ಲವನ್ನು ಲಿವರ್ ಎತ್ತಿಕೊಂಡು ಮತ್ತೆ ಗ್ಲೂಕೋಸ್ ಮಾಡುತ್ತೆ. ಕೋಶಗಳ ಶಕ್ತಿಯ ನಾಣ್ಯಕ್ಕೆ ಎಟಿಪಿ ಅಂತಾರೆ. ಗೆಡ್ಡೆಗೆ ಇದರಲ್ಲಿ ಸಿಗೋದು ಎರಡು ಎಟಿಪಿ, ಲಿವರಿಗೆ ಆಗೋ ಖರ್ಚು ಆರು. ಯಾವ ಮಂಡಿಯವನೂ ಒಪ್ಪದ ವ್ಯಾಪಾರ.

ಇಷ್ಟು ಓದಿದವರು ನನ್ನ ಹಾಗೆ "ಹಾಗಾದ್ರೆ ಸಕ್ಕರೆ ನಿಲ್ಲಿಸಿದರೆ ಆಯ್ತಲ್ಲ" ಅಂದುಕೊಳ್ಳುತ್ತಾರೆ. ಆಗಲ್ಲ. ಬಾಯಿಂದ ಬರದಿದ್ದರೆ ದೇಹ ತಾನೇ ಗ್ಲೂಕೋಸ್ ತಯಾರಿಸುತ್ತೆ. ರಕ್ತದಲ್ಲಿ ಅದು ಒಂದು ಮಟ್ಟಕ್ಕಿಂತ ಇಳಿಯೋಕೆ ಬಿಡೋದೇ ಇಲ್ಲ. ತಯಾರಿಸೋಕೆ ಬೇಕಾದ ಸಾಮಾನು ಎಲ್ಲಿಂದ ತರುತ್ತೆ? ತೊಡೆಯಿಂದ, ತೋಳಿನಿಂದ, ಬೆನ್ನಿನಿಂದ. ನಾನು ಅಪ್ಪನ ಕಾಫಿಯಿಂದ ತೆಗೆದ ಆ ಎರಡು ಚಮಚ ಸಕ್ಕರೆ ಗೆಡ್ಡೆಗೆ ಒಂದು ಹೊತ್ತಿನ ಉಪವಾಸವನ್ನೂ ಮಾಡಿಸಿರಲ್ಲ. ಅಪ್ಪನಿಗೆ ಮಾತ್ರ ದಿನದ ಒಂದೇ ಒಂದು ಖುಷಿ ತಪ್ಪಿತು. ಅಪ್ಪನ ಶುಗರ್ ರಿಪೋರ್ಟ್ ಬೇರೆ ನಾರ್ಮಲ್ ಇತ್ತು.

ಗುರಿ ಎಷ್ಟು? ಯುರೋಪಿನ ಎಸ್ಪೆನ್ ಅನ್ನುವ ಪೋಷಣಾ ತಜ್ಞರ ಸಂಘ ಕ್ಯಾನ್ಸರ್ ಇರುವವರಿಗೆ ಒಂದು ಕೇಜಿ ತೂಕಕ್ಕೆ ದಿನಕ್ಕೆ 25ರಿಂದ 30 ಕ್ಯಾಲರಿ ಅನ್ನುತ್ತೆ. ಪ್ರೋಟೀನು ಕೇಜಿಗೆ ಒಂದು ಗ್ರಾಂಗಿಂತ ಜಾಸ್ತಿ, ಸಾಧ್ಯ ಆದರೆ ಒಂದೂವರೆವರೆಗೆ. ಆರೋಗ್ಯವಾಗಿರುವ ಭಾರತೀಯರಿಗೆ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿದ್ದು 0.83 ಗ್ರಾಂ. ಅಪ್ಪನ ಲೆಕ್ಕಕ್ಕೆ 1,350ರಿಂದ 1,620 ಕ್ಯಾಲರಿ, 65ರಿಂದ 80 ಗ್ರಾಂ ಪ್ರೋಟೀನು ಬಂತು. ಈ ಕೇಜಿ ಲೆಕ್ಕವೂ ಅಂದಾಜೇ. ಕೆನಡಾದಲ್ಲಿ ಕರುಳಿನ ಕ್ಯಾನ್ಸರ್ ಇರುವ 21 ಜನರ ದಿನದ ಖರ್ಚನ್ನು ವಿಶೇಷ ನೀರು ಕುಡಿಸಿ ಅಳೆದಾಗ, ಈ ಅಂದಾಜು ಕೆಲವರಿಗೆ ತುಂಬಾ ಜಾಸ್ತಿ, ಕೆಲವರಿಗೆ ತುಂಬಾ ಕಡಿಮೆ ಆಗಿತ್ತು. ದೇಹದ ಎಲ್ಲ ಕೇಜಿಯೂ ಒಂದೇ ಅಲ್ಲವಲ್ಲ. ಒಂದು ಕೇಜಿ ಲಿವರ್ ದಿನಕ್ಕೆ ಸುಮಾರು 200 ಕ್ಯಾಲರಿ ಸುಡುತ್ತೆ. ಒಂದು ಕೇಜಿ ಸ್ನಾಯು ವಿಶ್ರಾಂತಿಯಲ್ಲಿ 13. ಒಂದು ಕೇಜಿ ಕೊಬ್ಬು ನಾಲ್ಕೂವರೆ. ದಪ್ಪ ಇರುವವರಿಗೂ ಸಣ್ಣ ಇರುವವರಿಗೂ ಒಂದೇ ಗುಣಾಕಾರ ಹಾಕಿದರೆ ಲೆಕ್ಕ ತಪ್ಪದೆ ಇನ್ನೇನು?

ನಮ್ಮ ಮನೆಯಲ್ಲಿ ಮೊಟ್ಟೆ, ಮಾಂಸ ಇಲ್ಲ. 65 ಗ್ರಾಂ ಪ್ರೋಟೀನು ಅಂದಾಗ ಅಮ್ಮನ ಮುಖ ನೋಡಬೇಕಿತ್ತು. ಡಬ್ಬಿಯ ಪೌಡರ್ ಬೆಲೆ ಕೇಳಿ ಇನ್ನೂ ಚಿಕ್ಕದಾಯಿತು. ಮೇಡಂ ಒಂದೇ ಒಂದು ಉಪಾಯ ಹೇಳಿದರು. "ಜಾಸ್ತಿ ತಿನ್ನಿ ಅಂತ ಒತ್ತಾಯ ಮಾಡ್ಬೇಡಿ. ಅದೇ ಲೋಟ, ಅಷ್ಟೇ ಗಂಜಿ. ಒಳಗಿರೋದನ್ನ ಬದಲಾಯಿಸಿ."

ಅಮ್ಮ ಅದನ್ನು ಪಂತ ಅಂತ ತಗೊಂಡರು. ಅಕ್ಕಿಯ ಜೊತೆ ಹೆಸರುಬೇಳೆಯನ್ನು ಹುರಿದು ಹಾಕಿ ನುಣ್ಣಗೆ ಬೇಯಿಸಿದರು. ಇಳಿಸಿದ ಮೇಲೆ ಎರಡು ಚಮಚ ಹಾಲಿನ ಪುಡಿ ಕದಡಿದರು. ಮೇಲೆ ಒಂದು ಚಮಚ ತುಪ್ಪ, ಜೀರಿಗೆ. ಲೋಟ ಅದೇ. 100 ಇದ್ದದ್ದು 300ರ ಹತ್ತಿರ ಬಂತು, ಎರಡು ಗ್ರಾಂ ಪ್ರೋಟೀನು ಹತ್ತು ದಾಟಿತು. ಹನ್ನೊಂದು ಗಂಟೆಗೆ ಹಾಲಿನಲ್ಲಿ ರಾಗಿ ಹುರಿಹಿಟ್ಟು, ಬೆಲ್ಲ. ಅನ್ನಕ್ಕೆ ತಿಳಿಸಾರು ಹೋಗಿ ಗಟ್ಟಿ ತೊವ್ವೆ ಬಂತು. ಹುರಿಗಡಲೆ ಪುಡಿ ಎಲ್ಲದಕ್ಕೂ ಬಿತ್ತು. ಕಾಫಿಗೆ ಸಕ್ಕರೆ ವಾಪಸ್. ಪನೀರನ್ನು ಅಪ್ಪ "ರಬ್ಬರು" ಅಂತ ಪಕ್ಕಕ್ಕೆ ಇಟ್ಟರು. ಆ ವಿಷಯದಲ್ಲಿ ನಾವು ಗೆಲ್ಲಲೇ ಇಲ್ಲ.

ಒಂದು ಹಳೆ ಲೆಕ್ಕದ ಪುಸ್ತಕ ತೆಗೆದು ಅಪ್ಪನೇ ಬರೆಯೋಕೆ ಶುರು ಮಾಡಿದರು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಮೊದಲ ವಾರ 600, 750, 900. ಮೇಡಂ ಹೀಗೇ ನಿಧಾನವಾಗಿ ಏರಿಸಿ ಅಂದಿದ್ದರು. ಬಹಳ ದಿನ ಉಪವಾಸ ಇದ್ದ ದೇಹಕ್ಕೆ ಒಮ್ಮೆಲೇ ಸುರಿದರೆ ರಕ್ತದ ಲವಣಗಳು ಏರುಪೇರಾಗಿ ಅಪಾಯ ಆಗುತ್ತಂತೆ. ಮೂರನೇ ವಾರಕ್ಕೆ 1,400.

ಆಪರೇಷನ್ ಬಗ್ಗೆ ಜಾಸ್ತಿ ಹೇಳಲ್ಲ. ಬಲಭಾಗ ತೆಗೆದು ಸಣ್ಣ ಕರುಳನ್ನು ಉಳಿದ ದೊಡ್ಡ ಕರುಳಿಗೆ ಜೋಡಿಸಿದರು, ಹೊಟ್ಟೆ ಮೇಲೆ ಮಲದ ಚೀಲದ ಅಗತ್ಯ ಬೀಳಲಿಲ್ಲ. ಹಿಂದಿನ ರಾತ್ರಿಯಿಂದ ನೀರೂ ಇಲ್ಲ ಅನ್ನೋ ಕಾಲ ಅಲ್ಲ ಈಗ. ಎರಡು ಗಂಟೆ ಮುಂಚಿನವರೆಗೆ ಸಿಹಿ ಪಾನಕದಂಥದ್ದು ಕುಡಿಸಿದರು, ಮಾರನೇ ದಿನವೇ ಬಾಯಿಗೆ ಕೊಟ್ಟರು. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಕರುಳಿನ ಆಪರೇಷನ್ನಿನಲ್ಲೇ ತೋರಿಸಿದ ದಾರಿ ಇದು. ಹೊಲಿಗೆ ಬಿಟ್ಟುಹೋಗುತ್ತೆ ಅಂತ ಅಮ್ಮ ನಡುಗುತ್ತಾ ಚಮಚ ಹಿಡಿದಿದ್ದರು.

ನಾಲ್ಕನೇ ದಿನ ತೂಕ ನೋಡಿದರೆ 58! ಹೋಗಿದ್ದು 55ರಲ್ಲಿ. ಅಮ್ಮ ಕೈಮುಗಿದೇ ಬಿಟ್ಟರು. ನಾನು ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿದೆ. ಅಪ್ಪ ಮಂಚದ ಅಂಚಿಗೆ ಕೂತು ಪಂಚೆ ಸರಿಸಿ, ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಒಂದು ರೂಪಾಯಿ ನಾಣ್ಯ ಕೂರುವಷ್ಟು.

"ಇದು ಹಸಿ ಕೊಬ್ಬರಿ ಕಣಮ್ಮ" ಅಂದರು.

ತಿಪಟೂರಿನ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಂಡೆ ಕೊಬ್ಬರಿ ಆಗಬೇಕಾದರೆ ತೆಂಗಿನಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಕೂರಬೇಕು. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಿಟಕು ಚಿಪ್ಪಿನೊಳಗೆ ಲೊಡಲೊಡ ಅನ್ನಬೇಕು. ಆತುರ ಬಿದ್ದು ಬೇಗ ಒಡೆದರೆ ತೂಕವೇನೋ ಜಾಸ್ತಿ ಬರುತ್ತೆ, ಆದರೆ ಅದು ನೀರಿನ ತೂಕ. ಅಂಥ ಚೀಲವನ್ನು ಅಪ್ಪ ನಲವತ್ತು ವರ್ಷ ಮುಟ್ಟಿ ನೋಡಿಯೇ ಪಕ್ಕಕ್ಕಿಟ್ಟವರು. ಡಾಕ್ಟರೂ ಅದನ್ನೇ ಹೇಳಿದರು. ಡ್ರಿಪ್ಪಿನ ಉಪ್ಪುನೀರು ಮೈಯಲ್ಲಿ ನಿಂತಿದೆ, ಇಳಿಯುತ್ತೆ ಅಂತ. ಇಳಿದಾಗ 53.

ತೂಕದ ಯಂತ್ರ ಹೇಳದ ಇನ್ನೊಂದು ವಿಷಯ ಇದೆ. ರೋಗ ಹರಡಿದೆಯಾ ಅಂತ ತೆಗೆದ ಸಿಟಿ ಸ್ಕ್ಯಾನಿನಲ್ಲೇ, ಸೊಂಟದ ಮೂರನೇ ಬೆನ್ನುಮೂಳೆಯ ಮಟ್ಟದ ಒಂದು ಚಿತ್ರ ನೋಡಿದರೆ ಮೈಯಲ್ಲಿ ಎಷ್ಟು ಸ್ನಾಯು ಉಳಿದಿದೆ ಅಂತ ಅಂದಾಜು ಸಿಗುತ್ತೆ. ದಪ್ಪ ಹೊಟ್ಟೆ ಇಟ್ಟುಕೊಂಡೇ ಸ್ನಾಯು ಕಳೆದುಕೊಂಡವರು ಕರುಳಿನ ಕ್ಯಾನ್ಸರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರನ್ನು ನೋಡಿ ಯಾರೂ "ಇಳಿದುಹೋಗಿದೀರಲ್ಲ" ಅನ್ನಲ್ಲ. ಅಪ್ಪ ಸಣ್ಣಗಿದ್ದದ್ದಕ್ಕೆ ಉಡುದಾರವಾದರೂ ಹೇಳಿತು.

ಕೀಮೋ ಶುರುವಾದ ಮೇಲೆ ಪುಸ್ತಕದ ಅಂಕಿ ಮತ್ತೆ ಕುಸಿದವು. ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್, ಎರಡು ವಾರ ಕೇಪ್‌ಸಿಟಬಿನ್ ಮಾತ್ರೆ. ಡ್ರಿಪ್ ಆದ ವಾರ ತಣ್ಣಗಿರೋದು ಏನು ಮುಟ್ಟಿದರೂ ಕರೆಂಟ್ ಹೊಡೆದ ಹಾಗೆ. ಬೆಳಿಗ್ಗೆ ಸ್ಟೀಲ್ ಲೋಟ ಹಿಡಿದು ಅಪ್ಪ ಕೈಬಿಟ್ಟುಬಿಟ್ಟರು. ಮೊಸರು ಫ್ರಿಜ್ಜಿನಿಂದ ಆಚೆ ಬಂತು. ಬಾಯೆಲ್ಲ ಕಬ್ಬಿಣ ಅನ್ನುತ್ತಿದ್ದರು. ಬಲಭಾಗದ ಕರುಳು ಹೋಗಿದ್ದಕ್ಕೆ ದಿನಕ್ಕೆ ನಾಲ್ಕೈದು ಸಲ ಭೇದಿ ಬೇರೆ. ಆ ವಾರಗಳಲ್ಲಿ 900 ಬಂದರೆ ದೊಡ್ಡದು. ಒಂದು ವಿಷಯ ಮಾತ್ರ ನಮ್ಮ ಕಡೆಗಿತ್ತು. ಮಾತ್ರೆಯನ್ನು ಊಟವಾದ ಅರ್ಧ ಗಂಟೆಯೊಳಗೇ ನುಂಗಬೇಕು. ಅಪ್ಪ ಮಾತ್ರೆ ತಪ್ಪಿಸುವವರಲ್ಲ. ಹಾಗಾಗಿ ಊಟವನ್ನೂ ತಪ್ಪಿಸೋಕೆ ಆಗಲಿಲ್ಲ.

ಆ ದಿನಗಳಲ್ಲಿ ಓದಿದ ಒಂದು ವಿಷಯ ನನಗೆ ಯಾಕೋ ತುಂಬಾ ಹಿಡಿಸಿತು. ದೊಡ್ಡ ಕರುಳಿನ ಒಳಗೋಡೆಯ ಕೋಶಗಳು ರಕ್ತದಿಂದ ಬರೋ ಸಕ್ಕರೆಯನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ನಾವು ತಿಂದ ನಾರನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಹುಳಿ ಬರಿಸಿ ಬ್ಯುಟಿರೇಟ್ ಅಂತ ಮಾಡಿಕೊಡುತ್ತವೆ. ಅದೇ ಆ ಕೋಶಗಳ ಮುಖ್ಯ ಊಟ. ಅದೇ ಕೋಶ ಕ್ಯಾನ್ಸರ್ ಆದಾಗ ಮನೆ ಊಟ ಬಿಟ್ಟು ಸಕ್ಕರೆಯ ಹಿಂದೆ ಬೀಳುತ್ತೆ. ಅಪ್ಪನಿಗೆ ಇದನ್ನು ಹೇಳಿದೆ. "ಕೆಟ್ಟೋಗೋರ ಲಕ್ಷಣವೇ ಅದು" ಅಂತ ನಕ್ಕರು. ಅವತ್ತು ಅರ್ಧ ಲೋಟ ಜಾಸ್ತಿ ಕುಡಿದರು.

ತಿಂದದ್ದು ಸ್ನಾಯು ಆಗಬೇಕಾದರೆ ಸ್ನಾಯುವಿಗೆ ಕೆಲಸ ಇರಬೇಕು. ರೆಸ್ಟ್ ಮಾಡಿ, ರೆಸ್ಟ್ ಮಾಡಿ ಅಂತ ನೋಡೋಕೆ ಬಂದವರೆಲ್ಲ ಹೇಳಿ ಹೋಗುತ್ತಿದ್ದರು. ಅಪ್ಪ ಅಟ್ಟದಿಂದ ಎರಡು ಹಳೇ ಒಂದು ಕೇಜಿ ತೂಕದ ಕಲ್ಲು ಇಳಿಸಿಕೊಂಡರು. ಕುರ್ಚಿಯಲ್ಲಿ ಕೂತು ಒಂದೊಂದು ಕೈಯಲ್ಲಿ ಒಂದೊಂದು, ಹತ್ತು ಸಲ ಎತ್ತೋದು. ಆಮೇಲೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರೋದು. ಮೊದಲ ದಿನ ಎರಡು ಸಲಕ್ಕೇ ಉಸ್ಸಪ್ಪ ಅಂದರು. ಕೀಮೋ ಮುಗಿದ ಮೇಲೆ ಸಂಜೆ ನಡಿಗೆ. 2025ರ ಜೂನಿನಲ್ಲಿ ಚಾಲೆಂಜ್ ಅನ್ನುವ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಕೀಮೋ ಮುಗಿಸಿದ 889 ಜನ ಕರುಳಿನ ಕ್ಯಾನ್ಸರಿನವರಲ್ಲಿ ಅರ್ಧ ಜನಕ್ಕೆ ಮೂರು ವರ್ಷ ಹೇಳಿಕೊಟ್ಟು ವ್ಯಾಯಾಮ ಮಾಡಿಸಿದ್ದರು, ಉಳಿದವರಿಗೆ ಪುಸ್ತಕ ಕೊಟ್ಟು ಕಳಿಸಿದ್ದರು. ಎಂಟು ವರ್ಷಕ್ಕೆ ಬದುಕಿದ್ದವರು ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ 90, ಇನ್ನೊಂದರಲ್ಲಿ 83. ಒಂದು ಮಾತ್ರೆ ಇಷ್ಟು ಮಾಡಿದ್ದರೆ ಅದರ ಬೆಲೆ ಎಷ್ಟಿರುತ್ತಿತ್ತು ಅಂತ ಯೋಚಿಸಿದೆ.

ಇದನ್ನು ಓದಿ ಯಾರೂ ಅಪ್ಪನ ಅಂಕಿಗಳನ್ನು ನಿಮ್ಮ ಮನೆಯವರಿಗೆ ಹಾಕಬೇಡಿ. ಕಿಡ್ನಿ ತೊಂದರೆ, ಶುಗರ್, ಹೊಟ್ಟೆ ಮೇಲಿನ ಚೀಲ ಇದ್ದರೆ ಲೆಕ್ಕವೇ ಬೇರೆ. ಡಯಟಿಷಿಯನ್ ಹತ್ತಿರ ಹೋಗಿ, ಹೋಗುವಾಗ ನಿನ್ನೆ ತಿಂದದ್ದನ್ನು ಸುಳ್ಳು ಹೇಳದೆ ಬರೆದುಕೊಂಡು ಹೋಗಿ. ನಾವು ಮೊದಲ ಸಲ ಎರಡು ಹಿಡಿ ಅನ್ನವನ್ನು ಒಂದು ತಟ್ಟೆ ಅಂದಿದ್ದೆವು.

ಹೋದ ತಿಂಗಳು ಊರಿಗೆ ಹೋದಾಗ ಅಪ್ಪ ಮಂಡಿ ಕಡೆ ಹೋಗಿಬರೋಣ ಅಂದರು. ಹರಾಜಿನ ದಿನ ಅಲ್ಲ, ಜನ ಕಡಿಮೆ. ಹಳೇ ಹಮಾಲರಿಬ್ಬರು ಬಂದು ಮಾತಾಡಿಸಿದರು. ಈಗೆಲ್ಲ ಎಲೆಕ್ಟ್ರಾನಿಕ್ ತಕ್ಕಡಿ. ಅಪ್ಪ ಸುತ್ತ ಒಮ್ಮೆ ನೋಡಿ, ಚಪ್ಪಲಿ ಸಮೇತ ಅದರ ಮೇಲೆ ಹತ್ತಿ ನಿಂತರು. ಕೆಂಪು ಅಂಕಿ ಸ್ವಲ್ಪ ಹೊತ್ತು ಓಲಾಡಿ 57.2ಕ್ಕೆ ನಿಂತಿತು.

ನಾನು ಮೊಬೈಲ್ ತೆಗೆದು ಬರೆದುಕೊಳ್ಳೋಕೆ ಹೋದೆ.

"ಒಂದು ಕೇಜಿ ಕಳಿ" ಅಂದರು ಅಪ್ಪ, ಕೆಳಗಿಳಿಯುತ್ತಾ. "ಚೀಲದ ತೂಕ ಬಿಡ್ಬೇಕಲ್ವಾ."